ಗಾಳಿ ಸರಿ ಇಲ್ಲದ ಸೋಮವಾರ

ನನ್ನ ಅಣ್ಣ ಹೈದರಾಬಾದಿನ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದ. ನಾವು ಯಾದಗಿರಿ ಕಡೆಯವರು, ಭೀಮಾ ನದಿ ಬಿಟ್ಟರೆ ದೊಡ್ಡ ನೀರು ಕಂಡವರಲ್ಲ. ಅವನು ಹೈದರಾಬಾದಿಗೆ ಬಂದು ಕೆಲವು ವರ್ಷಗಳಾದ ಮೇಲೆ, ಕಾರ್ಖಾನೆಯವರು ಅವನನ್ನು ಆಂಧ್ರದ ಕರಾವಳಿಯ ಒಂದು ಐಸ್ ಫ್ಯಾಕ್ಟರಿಗೆ ಯಂತ್ರ ಕೂರಿಸಲು ಕಳಿಸಿದರು. ಎಂಟು ತಿಂಗಳು ಅಲ್ಲೇ ಇದ್ದ. ಅಲ್ಲಿ ಅವನಿಗೆ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಪರಿಚಯವಾದರು. ಆ ಮುದುಕರು ದೋಣಿ ಹತ್ತದೆ, ದಂಡೆಯ ಮೇಲೆ ನಿಂತೇ, ಹದಿಮೂರು ಅಡಿ ಉದ್ದದ ಕೋಲಿನಿಂದ ಗಾಳವನ್ನು ಅಲೆಗಳ ಆಚೆಗೆ ಎಸೆದು ಮೀನು ಹಿಡಿಯುತ್ತಿದ್ದರಂತೆ. ಅಣ್ಣ ಅದನ್ನು ಅವರಿಂದ ಕಲಿತ.

ಹೈದರಾಬಾದಿಗೆ ವಾಪಸಾದ ಮೇಲೂ ಬಿಡಲಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಕೋಲುಗಳನ್ನು ಬಿಚ್ಚಿ, ಬಟ್ಟೆಯ ಚೀಲದಲ್ಲಿ ಸುತ್ತಿಕೊಂಡು ರೈಲು ಹತ್ತುತ್ತಿದ್ದ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತಾನೇ ಎರಕ ಹೊಯ್ದು, ಒಂದೊಂದಕ್ಕೂ ತಂತಿಯ ನಾಲ್ಕು ಕಾಲು ಕೂರಿಸುತ್ತಿದ್ದ. ನೀರಿನ ಸೆಳೆತ ಇದ್ದಾಗ ಆ ಕಾಲುಗಳು ಮರಳನ್ನು ಕಚ್ಚಿಕೊಂಡು ನಿಲ್ಲುತ್ತವೆ. ಅವನು ತಂದ ಮೀನನ್ನು ನಮ್ಮ ವೈನಿ, ಅಂದರೆ ಅವನ ಹೆಂಡತಿ, ಮುಟ್ಟುತ್ತಿರಲಿಲ್ಲ. ಮಾಳಿಗೆಯ ಮೇಲೆ ಕುಳಿತು ತಾನೇ ಹೆಚ್ಚಿ, ಅರ್ಧಕ್ಕರ್ಧ ಅಕ್ಕಪಕ್ಕದವರಿಗೆ ಹಂಚುತ್ತಿದ್ದ.

ನಾನು ಅವನ ತಂಗಿ, ಮದುವೆಯಾಗಿಲ್ಲ. ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರರನ್ನು ಕರೆತಂದು ಬಿಡುವ ಕ್ಯಾಬ್‌ಗಳನ್ನು ಗೊತ್ತುಮಾಡುವ ಕೆಲಸ ನನ್ನದು. ಅಣ್ಣನ ಮನೆಯಿಂದ ಎರಡು ಓಣಿ ಆಚೆ ಬಾಡಿಗೆಗಿದ್ದೆ, ಈಗಲೂ ಇದ್ದೇನೆ.

ಐವತ್ತು ತುಂಬುವ ಮೊದಲೇ ಅವನ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಒಂದೊಂದು ಸಲವೂ ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕು. ಯಂತ್ರದ ಸೂಜಿ ಚುಚ್ಚಲೆಂದು ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಆ ಜಾಗ ಹಗ್ಗದ ಗಂಟಿನಂತೆ ಉಬ್ಬಿತ್ತು, ಬೆರಳಿಟ್ಟರೆ ಒಳಗೆ ಜುಮ್ಮೆನ್ನುವುದು ತಿಳಿಯುತ್ತಿತ್ತು. ಆ ಕೈಯಿಂದ ಭಾರ ಎತ್ತಬಾರದು, ಜೋರಾಗಿ ಬೀಸಬಾರದು ಎಂದು ಡಾಕ್ಟರು ಹೇಳಿದ್ದರು. ಕಾರ್ಖಾನೆಯ ಕೆಲಸ ಅಲ್ಲಿಗೆ ಮುಗಿಯಿತು, ಮೀನು ಹಿಡಿಯುವುದೂ ಮುಗಿಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ನೀರಡಿಕೆ. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲೇ ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಬೇಕು. ಬೇಸಿಗೆಯಲ್ಲಿ ಅವನು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ, ಮಂಜುಗಡ್ಡೆಯ ಚೂರನ್ನು ನಾಲಿಗೆ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ. ಹಣ್ಣು, ಹಣ್ಣಿನ ರಸ, ಎಳನೀರು ಪೂರ್ತಿ ಬಂದ್. ಎಳನೀರಿನಲ್ಲಿರುವ ಪೊಟ್ಯಾಸಿಯಂ ಕೆಟ್ಟ ಕಿಡ್ನಿಯವರ ಎದೆಬಡಿತವನ್ನೇ ನಿಲ್ಲಿಸಬಹುದು ಎಂದು ಮೊದಲ ದಿನವೇ ಆಸ್ಪತ್ರೆಯವರು ವೈನಿಗೂ ನನಗೂ ಬಿಡಿಸಿ ಹೇಳಿದ್ದರು.

ಎರಡು ವರ್ಷ ಹೀಗೆ ಕಳೆದ ಮೇಲೆ ಒಂದು ದಿನ, ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ, ಒಂದು ಸಲ ಸಮುದ್ರಕ್ಕೆ ಹೋಗಬೇಕು ಅಂದ. ಶನಿವಾರದ ಡಯಾಲಿಸಿಸ್ ಮುಗಿದರೆ ಮಂಗಳವಾರದವರೆಗೆ ಬಿಡುವು. ರವಿವಾರ ಮುಂಜಾನೆ ರೈಲು ಹತ್ತಿದರೆ ಸಂಜೆಯೊಳಗೆ ಬೀಚಿನ ಊರು. ಸೋಮವಾರ ಬೆಳಕು ಹರಿಯುವಾಗ ಗಾಳ ಹಾಕಿ, ಎಂಟೂವರೆಯ ರೈಲಿಗೆ ವಾಪಸ್. ಎಲ್ಲ ಲೆಕ್ಕ ಹಾಕಿಟ್ಟುಕೊಂಡಿದ್ದ. ನಿನಗೆ ಎಸೆಯಲು ಆಗುವುದಿಲ್ಲವಲ್ಲ ಅಂದೆ.

“ನಾ ಎಲ್ಲಿ ಒಗೀತೀನವಾ, ನೀ ಒಗಿ. ನಾ ಕುಂತ ನೋಡ್ತೀನಿ” ಅಂದ.

ಹಾಗಾಗಿ ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಗಾಳ ಎಸೆಯಲು ಕಲಿತೆ. ಸನತ್‌ನಗರದಲ್ಲಿ, ಹುಡುಗರು ಕ್ರಿಕೆಟ್‌ಗೆ ಬರುವ ಮೊದಲು ಖಾಲಿ ಇರುತ್ತಿದ್ದ ಮೈದಾನದಲ್ಲಿ, ಗಾಳದ ಮುಳ್ಳಿಲ್ಲದೆ ಬರೀ ಸೀಸದ ಗುಂಡು ಕಟ್ಟಿ ಎಸೆಯುತ್ತಿದ್ದೆ. ಎಡಗಾಲು ಮುಂದೆ, ಕೋಲು ಬೆನ್ನ ಹಿಂದೆ, ದಾರ ತೋರುಬೆರಳಿನ ಮೇಲೆ. ಬಲಗೈ ತಳ್ಳಬೇಕು, ಎಡಗೈ ಕೋಲಿನ ಬುಡವನ್ನು ಎದೆಗೆ ಎಳೆಯಬೇಕು, ಸರಿಯಾದ ಹೊತ್ತಿಗೆ ಬೆರಳು ಬಿಡಬೇಕು. ಮೊದಮೊದಲು ಗುಂಡು ನನ್ನ ಕಾಲಬುಡದಲ್ಲೇ ಬೀಳುತ್ತಿತ್ತು. ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ದನಿ ಏರಿಸದೆ ತಿದ್ದುತ್ತಿದ್ದ. ಎರಡು ತಿಂಗಳಲ್ಲಿ ಮೈದಾನದ ಮುಕ್ಕಾಲು ಭಾಗ ದಾಟಿಸಿದೆ. ಆ ಬೆಳಗುಗಳಲ್ಲಿ ಅವನ ಮುಖದ ಮೇಲೆ ಸ್ವಲ್ಪ ಕಳೆ ಇರುತ್ತಿತ್ತು ಎಂಬುದು ನಿಜ.

ಎಸೆಯುವುದಕ್ಕಿಂತ ಮುಖ್ಯವಾದದ್ದು ಯಾವ ದಿನ ಎಸೆಯಬೇಕು ಎಂಬುದು. ಅದನ್ನೂ ಅವನು ಆ ಕುರ್ಚಿಯಿಂದಲೇ ಹೇಳಿಕೊಟ್ಟ. ನಮ್ಮ ಪೂರ್ವದ ದಂಡೆಗೆ ಬೆಳಗಿನ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸಬೇಕು. ಆಗ ಅಲೆ ಎದ್ದು ನಿಂತು ಅಚ್ಚುಕಟ್ಟಾಗಿ ಒಡೆಯುತ್ತದೆ, ಎಸೆದದ್ದೂ ದೂರ ಹೋಗುತ್ತದೆ. ಸಮುದ್ರ ತೀರಾ ಶಾಂತವಾಗಿ ನೀರು ಕನ್ನಡಿಯಂತಿದ್ದರೆ ದೊಡ್ಡ ಮೀನು ದಂಡೆಗೆ ಬರುವುದಿಲ್ಲ. ತಳದ ಮರಳು ಸ್ವಲ್ಪ ಕಲಕಿ, ಹುಳ ಏಡಿ ಮೇಲೆದ್ದರೆ ಬರುತ್ತದೆ. ಆದರೆ ಗಾಳಿ ಎರಡು ದಿನ ಸಮುದ್ರದಿಂದ ಬೀಸಿತೋ, ನೀರು ಕೆಸರಾಗುತ್ತದೆ, ಪಾಚಿ ಕಸ ತುಂಬುತ್ತದೆ. ಸೆಳೆತ ದಂಡೆಯುದ್ದಕ್ಕೂ ಹರಿದು ಗುಂಡನ್ನು ಎಳೆದುಕೊಂಡು ಹೋಗುತ್ತದೆ. ಎತ್ತರದಲ್ಲಿ ನಿಂತು ನೋಡಿದರೆ ಬಿಳಿ ನೊರೆಯ ನಡುವೆ ಎಲ್ಲೋ ಒಂದು ಕಡೆ ಅಲೆ ಒಡೆಯದ ಕಪ್ಪು ಪಟ್ಟಿ ಕಾಣಬೇಕು, ಅಲ್ಲಿ ಆಳ ಇರುತ್ತದೆ. ನೀರು ಏರುವ ಹೊತ್ತಿಗೆ ಮೀನು ಆ ಪಟ್ಟಿಯೊಳಗೆ ನುಗ್ಗುತ್ತದೆ. ಇದೆಲ್ಲ ಒಂದೇ ಬೆಳಿಗ್ಗೆ ಕೂಡಿಬರಬೇಕು. ಉಳಿದವರಿಗೆ ಅದು ವಾರದ ಯಾವ ದಿನವಾದರೂ ನಡೆಯುತ್ತದೆ, ಅಣ್ಣನಿಗೆ ಸೋಮವಾರವೇ ಆಗಬೇಕಿತ್ತು.

ನನ್ನ ಫೋನಿನಲ್ಲಿ ಗಾಳಿ, ಅಲೆಯ ಎತ್ತರ, ಭರತ ಇಳಿತದ ಹೊತ್ತು ಎಲ್ಲ ತೋರಿಸುತ್ತಿತ್ತು. ಪ್ರತಿ ಶನಿವಾರ ಯಂತ್ರದ ಪಕ್ಕ ಮಲಗಿಕೊಂಡೇ ಅವನು ನೋಡುತ್ತಿದ್ದ, ನೋಡಿ ಬೇಡ ಅನ್ನುತ್ತಿದ್ದ. ಒಂದು ವಾರ ಅಲೆಯೇ ಇಲ್ಲ. ಒಂದು ವಾರ ಮಧ್ಯಾಹ್ನಕ್ಕೆ ಭರತ. ಒಂದು ವಾರ ಆಳಸಮುದ್ರದಲ್ಲಿ ವಾಯುಭಾರ ಕುಸಿತ. ಹೀಗೆ ಆರು ಸಲ ನಾನು ರಜೆ ಹಾಕಿ ರದ್ದು ಮಾಡಿದೆ. ಆಫೀಸಿನಲ್ಲಿ ಮಾತು ಕೇಳಬೇಕಾಯಿತು. ಹೇಗಿದ್ದರೇನು, ಒಮ್ಮೆ ಹೋಗಿ ನೀರು ನೋಡಿ ಬರೋಣ ಅಂದರೆ ಒಪ್ಪುತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರತೊಡಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಏಳನೆಯ ಸಲ, ಚಳಿಗಾಲ ಮುಗಿಯುವ ಹೊತ್ತಿಗೆ, ಶನಿವಾರ ಫೋನ್ ನೋಡಿ ಹೂಂ ಅಂದ. ಪಡುವಣ ಗಾಳಿ, ಸೊಂಟದೆತ್ತರದ ಅಲೆ, ಬೆಳಗಿನ ಜಾವದಿಂದ ಭರತ. ರವಿವಾರ ಹೊರಟೆವು. ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು, ಎಲ್ಲಿ ಯಾವ ಮೀನು ಹಿಡಿದಿದ್ದೆ ಎಂದು ದಾರಿಯುದ್ದಕ್ಕೂ ಹೇಳಿದ. ಅಷ್ಟು ಮಾತಾಡಿದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ. ಸಂಜೆ ಲಾಡ್ಜಿನ ವೆರಾಂಡದಲ್ಲಿ ನಿಂತಾಗ ಗಾಳಿ ಸಮುದ್ರದಿಂದ ಬೀಸುತ್ತಿತ್ತು. ಅದು ಸಂಜೆಯ ಗಾಳಿ, ಬೆಳಗಿನೊಳಗೆ ತಿರುಗುತ್ತದೆ ಅಂದ.

ತಿರುಗಿರಲಿಲ್ಲ. ಬೆಳಕು ಮೂಡುವಾಗ ಮರಳ ದಿಬ್ಬದ ಮೇಲೆ ಅವನನ್ನು ಲಾಡ್ಜಿನಿಂದ ತಂದ ಕುರ್ಚಿಯಲ್ಲಿ ಕೂರಿಸಿದೆ. ಸಮುದ್ರದಿಂದ ಓರೆಯಾಗಿ ಬೀಸುವ ಗಾಳಿ, ಕಂದು ನೀರು, ಎಲ್ಲಿ ನೋಡಿದರೂ ನೊರೆ. ಕಪ್ಪು ಪಟ್ಟಿ ಎಲ್ಲೂ ಇರಲಿಲ್ಲ. ದಂಡೆಯುದ್ದಕ್ಕೂ ಪಾಚಿ ಬಿದ್ದಿತ್ತು. ಅವನು ಐದು ನಿಮಿಷ ನೋಡಿದ.

“ಇವತ್ತ ಬ್ಯಾಡವಾ. ಗಾಳಿ ಸರಿ ಇಲ್ಲ. ಹೊಳ್ಳಿ ಹೋಗೂಣು, ಎಂಟೂವರಿ ಗಾಡಿ ಸಿಗತೈತಿ.”

“ಇಷ್ಟ ದೂರ ಬಂದೇವಿ. ಒಂದೆರಡ ಸಲ ಒಗದ ನೋಡ್ತೀನಿ” ಅಂದೆ.

“ಒಗಿ. ಆದ್ರ ಏನೂ ಬರೂದಿಲ್ಲ.”

ಆ ಮಾತಿನಿಂದ ನನ್ನ ಹಟ ಹೆಚ್ಚಾಯಿತು. ಮಂಡಿಯವರೆಗೆ ನೀರಿಗಿಳಿದು ಎಸೆದೆ. ಗಾಳಿ ದಾರವನ್ನು ಬಿಲ್ಲಿನಂತೆ ಬಾಗಿಸಿತು, ಗುಂಡು ಅಲೆಯ ಈಚೆಗೇ ಬಿತ್ತು. ಎಳೆದಾಗ ಒಂದು ಹೊರೆ ಪಾಚಿ. ಅದನ್ನು ಕಿತ್ತು, ಮತ್ತೆ ಸೀಗಡಿ ಚುಚ್ಚಿ ಎಸೆದೆ, ಮತ್ತೆ ಪಾಚಿ. ಸೆಳೆತದ ಜೊತೆ ನಾನೂ ದಂಡೆಯುದ್ದಕ್ಕೆ ಸರಿಯುತ್ತ ಹೋದೆ. ಒಂದು ಸಲ ಚೆನ್ನಾಗಿ ಬಿತ್ತು, ಅಲೆಗಳ ಆಚೆ. ಹಿಂದಿರುಗಿ ನೋಡಿದೆ, ಅಣ್ಣ ಕೈ ಎತ್ತಿದ. ಭೇಷ್ ಅನ್ನುತ್ತಿದ್ದಾನೆ ಅಂದುಕೊಂಡೆ. ಬಾ ಎಂದು ಕರೆದಿದ್ದಿರಬಹುದು, ಈಗ ಹಾಗೆ ಅನ್ನಿಸುತ್ತದೆ. ಆಗ ನಾನು ಮತ್ತೆ ಸಮುದ್ರದ ಕಡೆಗೆ ತಿರುಗಿದೆ. ಎಂಟೂವರೆ ದಾಟಿತು. ಬಿಸಿಲು ಏರಿತು. ಎರಡೂವರೆ ತಾಸು ನಾನು ನೀರಿನಲ್ಲೇ ಇದ್ದೆ.

ವಾಪಸ್ ಬಂದಾಗ ಕುರ್ಚಿ ಖಾಲಿ ಇತ್ತು. ಅಣ್ಣ ರಸ್ತೆಯ ಕಡೆ, ಎಳನೀರಿನ ಗಾಡಿಯ ನೆರಳಿನಲ್ಲಿ ಕಲ್ಲಿನ ಮೇಲೆ ಕುಳಿತಿದ್ದ. ಕಾಲ ಬಳಿ ಬುರುಡೆಗಳು.

“ಎಷ್ಟ ಕುಡದಿ?” ಅಂದೆ.

“ಮೂರು. ಭಾಳ ಚಲೋ ಇದ್ದುವು” ಅಂದ.

ಆಗ ನನಗೆ ನನ್ನ ಹೆಗಲಿನ ಚೀಲದ ನೆನಪಾಯಿತು. ಅವನ ಆ ದಿನದ ನೀರಿನ ಬಾಟ್ಲಿ ಅದರಲ್ಲಿತ್ತು. ಕೈಗೆ ಕೊಟ್ಟರೆ ಒಂದು ತಾಸಿನಲ್ಲಿ ಖಾಲಿ ಮಾಡುತ್ತಾರೆ, ನಿನ್ನ ಹತ್ತಿರವೇ ಇರಲಿ ಎಂದು ಹೊರಡುವಾಗ ವೈನಿ ಹೇಳಿದ್ದರು. ನಾನು ಅದನ್ನು ಹೆಗಲಿಗೆ ಹಾಕಿಕೊಂಡೇ ನೀರಿಗಿಳಿದಿದ್ದೆ. ಎರಡೂವರೆ ತಾಸು ಬಿಸಿಲಿನಲ್ಲಿ, ಉಪ್ಪುಗಾಳಿಯಲ್ಲಿ, ಅವನಿಗೆ ಒಂದು ಗುಟುಕೂ ಇರಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ಹೈದರಾಬಾದಿಗೆ ಬರಬೇಡಿ, ಡಯಾಲಿಸಿಸ್ ಇರುವ ಹತ್ತಿರದ ಊರಿಗೆ ಈಗಲೇ ಕರೆದುಕೊಂಡು ಹೋಗಿ ಅಂದರು. ಗಾಡಿ ಗೊತ್ತುಮಾಡುವುದೇ ನನ್ನ ಉದ್ಯೋಗ, ಹತ್ತು ನಿಮಿಷದಲ್ಲಿ ಕಾರು ಬಂತು. ಎಳನೀರಿನವನು ಭಯದಿಂದ, ನನಗೇನು ಗೊತ್ತಮ್ಮಾ ಎಂದು ತೆಲುಗಿನಲ್ಲಿ ಹೇಳುತ್ತಲೇ ಇದ್ದ. ಅವನೇ ಕೋಲುಗಳನ್ನು ತಂದು ಡಿಕ್ಕಿಯಲ್ಲಿ ಇಟ್ಟ.

ಅರ್ಧ ದಾರಿಯಲ್ಲಿ ಅಣ್ಣ ಕಾಲು ಸತ್ತಂತಾಗಿವೆ ಅಂದ. ತುಟಿಯ ಸುತ್ತ ಜೋಮು ಅಂದ. ನಾನು ಅವನ ಎಡಗೈ ಹಿಡಿದು, ಆ ಗಂಟಿನ ಮೇಲೆ ಬೆರಳಿಟ್ಟು ಕುಳಿತಿದ್ದೆ. ಜುಮ್ಮೆನ್ನುವುದು ಇದ್ದಕ್ಕಿದ್ದಂತೆ ನಿಧಾನವಾಗುತ್ತಿತ್ತು, ಮತ್ತೆ ಬರುತ್ತಿತ್ತು. ಆಸ್ಪತ್ರೆ ಮುಟ್ಟುವಾಗ ಎಚ್ಚರವಾಗಿಯೇ ಇದ್ದ. ಸೂಜಿ ಚುಚ್ಚಿದರು, ಎದೆಗೆ ವೈರು ಹಚ್ಚಿದರು, ಪಕ್ಕದ ಕೋಣೆಯಲ್ಲಿ ಯಂತ್ರ ಸಿದ್ಧಮಾಡತೊಡಗಿದರು. ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಯಂತ್ರಕ್ಕೆ ಹಚ್ಚುವ ಮೊದಲೇ ಅಣ್ಣನ ಎದೆಬಡಿತ ನಿಂತಿತು. ಮಧ್ಯಾಹ್ನ ಇನ್ನೂ ಆಗಿರಲಿಲ್ಲ.

ಆಂಬುಲೆನ್ಸಿನಲ್ಲಿ ಅವನನ್ನು ಹೈದರಾಬಾದಿಗೆ ಕರೆತಂದೆ. ಕೋಲುಗಳ ಚೀಲ ಬೇರೆಲ್ಲೂ ಹಿಡಿಸದೆ ಅವನ ಪಕ್ಕದಲ್ಲೇ ಇಡಬೇಕಾಯಿತು. ನನ್ನ ಸಲವಾರಿನ ಮೇಲೆ ಉಪ್ಪು ಒಣಗಿ ಬೆಳ್ಳಗಾಗಿತ್ತು. ಫೋನಿನಲ್ಲಿ ವೈನಿಗೆ ಎಳನೀರಿನ ವಿಷಯ ಮಾತ್ರ ಹೇಳಿದೆ. ಉಳಿದದ್ದನ್ನು ಹೇಳುವಷ್ಟು ಧೈರ್ಯ ಇರಲಿಲ್ಲ.

ಮೂರು ವಾರದ ನಂತರ, ಬಂದವರೆಲ್ಲ ಊರಿಗೆ ಹೋದ ಮೇಲೆ, ವೈನಿ ನನ್ನನ್ನು ಕರೆಸಿದರು. ಅವರ ಮಗಳು ಕಾಲೇಜಿಗೆ ಹೋಗಿದ್ದಳು. ಇಬ್ಬರೇ ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದೆವು. ಅವರ ಕೈಯಲ್ಲಿ ಕೆಲಸವೇನೂ ಇರಲಿಲ್ಲ.

“ಒಂದ ಮಾತ ಖರೇ ಹೇಳು. ಅವರು ಬೇಕಂತನ ಕುಡದ್ರೇನು?”

“ಇಲ್ಲರಿ ವೈನಿ. ಬಾಯಿ ಒಣಗಿತ್ತು, ಕುಡದ” ಅಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಅವನು ವಾಪಸ್ ಹೋಗೋಣ ಅಂದದ್ದು, ನಾನು ಕೇಳದೆ ನೀರಿಗಿಳಿದದ್ದು, ಬಾಟ್ಲಿ ನನ್ನ ಹೆಗಲಲ್ಲಿ ಇದ್ದದ್ದು.

“ಬಾಟ್ಲಿ ನಿನ್ನ ಕಡೆ ಇರ್ಲಿ ಅಂದಾಕಿ ನಾನು” ಅಂದರು ವೈನಿ. “ಆದ್ರ ಅವರು ಹೋಗೂಣು ಅಂದಾಗ ನೀ ಬರಬೇಕಿತ್ತು” ಅಂದರು.

ನಾನು ಹೌದು ಅಂದೆ.

ವೈನಿ ಈಗ ಸುಲ್ತಾನ್ ಬಜಾರಿನ ಒಂದು ಅಂಗಡಿಯಲ್ಲಿ ಸೀರೆಗಳಿಗೆ ಫಾಲ್ ಹಚ್ಚುತ್ತಾರೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ರವಿವಾರ ನಾನು ಅಲ್ಲಿಗೆ ಊಟಕ್ಕೆ ಹೋಗುತ್ತೇನೆ. ರೊಟ್ಟಿ ಬಡಿಯುತ್ತ ವೈನಿ ಅಂಗಡಿಯ ಸುದ್ದಿ ಹೇಳುತ್ತಾರೆ, ನಾನು ಆಫೀಸಿನದು ಹೇಳುತ್ತೇನೆ. ಕೆಲವು ದಿನ ಅವರು ನನ್ನ ಕಡೆ ನೋಡದೆಯೇ ಬಡಿಸುತ್ತಾರೆ, ಆ ದಿನ ನಾನು ಬೇಗ ಎದ್ದು ಬರುತ್ತೇನೆ. ಆದರೂ ಮುಂದಿನ ರವಿವಾರ ಹೋಗುವುದನ್ನು ತಪ್ಪಿಸಿಲ್ಲ. ಅವರೂ ಬರಬೇಡ ಅಂದಿಲ್ಲ.