ಅರ್ಧಕ್ಕೆ ನಿಲ್ಲುವ ಹಾಡು

ಸರಸ್ವತೀಬಾಯಿ ಜನ್ಮವಿಡೀ ಹಾವೇರಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು. ನಿವೃತ್ತಿಯಾದ ಮೇಲೆ ರಾಣೆಬೆನ್ನೂರಿನ ಮಗನ ಮನೆ ಸೇರಿದರು. ಅವರ ಕಣ್ಣಿಗೆ ಜಗತ್ತಿನಲ್ಲಿ ಯಾರಿಗೂ ಏನೂ ಬರುವುದಿಲ್ಲ. ಹಾಲಿನವನಿಗೆ ಅಳೆಯಲು ಬರುವುದಿಲ್ಲ, ಮಗ ನಂದನನಿಗೆ ಹೆಂಡತಿಯನ್ನು ಆರಿಸಲು ಬರಲಿಲ್ಲ, ಸೊಸೆ ದೀಪಾಲಿಗಂತೂ ಕಲಿಸಲು ಬರುವುದಿಲ್ಲ. ಅಂಥವಳು ಹೋಗಿ ಹೋಗಿ ಮನೆಯ ಮುಂಗೋಣೆಯಲ್ಲೇ ಶಿಶುವಿಹಾರ ತೆಗೆದಿದ್ದಳು!

ಅಲ್ಲಿ ನಡೆಯುವುದಾದರೂ ಏನು? ಬರೀ ಹಾಡು. ಅದೂ ಅರ್ಧ.

“ಕೆಂಪು ಕೆಂಪು ಮೆಣಸಿನಕಾಯಿ ಚೀಲದಾಗ ಕುಂತಾವ, ಬ್ಯಾಡಗಿ ಪ್ಯಾಟಿಗೆ ಗಾಡಿ ಹತ್ತಿ...” ಎಂದು ಹಾಡಿ ದೀಪಾಲಿ ಗಪ್ಪನೆ ನಿಲ್ಲುವಳು. ಮಕ್ಕಳು “ಹೊಂಟಾವ!” ಎಂದು ಕೂಗಬೇಕು. ಹಾಗೆ ಕಾದರೆ ಮಕ್ಕಳ ಬಾಯಿಂದ ಮಾತು ತಾನಾಗಿ ಬರುತ್ತದಂತೆ! ಬೆತ್ತ ಹಿಡಿದು ಮಗ್ಗಿ ಹೇಳಿಸಿದ ಸರಸ್ವತೀಬಾಯಿಗೆ ಇದೆಲ್ಲ ತಮಾಷೆ.

“ಟೀಚರೇ ಮರ್ತು ನಿಂತ್ರ ಕೂಸುಗಳು ಏನ ಕಲೀಬೇಕ?” ಎಂದು ಮೂಗು ಮುರಿಯುವರು.

ದೀಪಾಲಿಯ ಸಂಕಟ ಬೇರೆ. ಅವಳ ಮಗ ಕೌಸ್ತುಭ ನಾಲ್ಕಾಗುತ್ತ ಬಂದರೂ ಒಂದು ಮಾತಾಡಿರಲಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸುವನು, ಅಷ್ಟೆ. ಅವಳು ದಿನಾ ಅವನೆದುರು ಕೂತು ಹಾಡಿ, ಆ ಕೊನೆಯ ಪದಕ್ಕಾಗಿ ಕಾಯುವಳು. ಇನ್ನೇನು ಅವನ ತುಟಿ ಅಲುಗಬೇಕು, ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಬೈಗುಳ: “ಹೊಂಟಾವ! ಇಷ್ಟೂ ಬರಂಗಿಲ್ಲೇನ, ಖೋಡಿ?”

“ಅತ್ಯಾ, ಒಂಚೂರು ತಡೀರಿ. ಅವಗ ಹೇಳಲಿಕ್ಕೆ ಬಿಡ್ರಿ.”

“ನನಗ ಕಲಸ್ತೀಯೇನ ನೀನು?”

ಶಿಶುವಿಹಾರದ ವಾರ್ಷಿಕ ಗ್ಯಾದರಿಂಗು ಬಂತು. ಹಾಡುವ ಸರದಿ ಬಂದರೂ ಕೌಸ್ತುಭ ಅಜ್ಜಿಯ ಸೆರಗು ಬಿಡಲೊಲ್ಲ. ಕೊನೆಗೆ ಅವರೇ ಅವನ ಜೊತೆ ವೇದಿಕೆ ಹತ್ತಬೇಕಾಯಿತು. ದೀಪಾಲಿ ಕೈಮುಗಿದಳು. “ಇವತ್ತೊಂದು ದಿನ ಕಡೀ ಶಬ್ದ ಬಿಟ್ಟು ಹಾಡ್ರಿ, ಅತ್ಯಾ.”

ಈ ಹುಚ್ಚಾಟವೂ ಆಗಿಹೋಗಲಿ ಎಂದುಕೊಂಡು ಸರಸ್ವತೀಬಾಯಿ ಹಾಡಿದರು. “...ಬ್ಯಾಡಗಿ ಪ್ಯಾಟಿಗೆ ಗಾಡಿ ಹತ್ತಿ...” ನಿಂತರು. ನಾಲಿಗೆ ತುರಿಸಿತು. ಹಲ್ಲು ಕಚ್ಚಿ ತಡೆದುಕೊಂಡರು.

ಕೌಸ್ತುಭ ಅಜ್ಜಿಯ ಮುಖ ನೋಡಿದ. ಇನ್ನೂ ನೋಡಿದ. ಅಯ್ಯೋ, ಅಜ್ಜಿಗೆ ಮರೆತೇ ಹೋಗಿದೆ! ಟೊಂಕಕ್ಕೆ ಕೈಯಿಟ್ಟ, ಮೂಗು ಮುರಿದ, ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದ: “ಹೊಂಟಾವ! ಇಷ್ಟೂ ಬರಂಗಿಲ್ಲೇನ, ಖೋಡಿ?”

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ದೀಪಾಲಿ ಓಡಿಬಂದು ಮಗನನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಮೊಮ್ಮಗಳನ್ನು ಕರೆತಂದಿದ್ದ ಹಲಗೇರಿಯ ಮಂಗಳವ್ವ ಮುಂದಿನ ಸಾಲಿನಿಂದ ಅಜ್ಜಿಯನ್ನೇ ಕೇಳಿದಳು: “ಎಷ್ಟ ಚಂದ ಮಾತಾಡ್ತಾನ್ರೀ ಕೂಸು! ಯಾರ ಕಲಿಸ್ಯಾರ್ರೀ, ಅಕ್ಕಾರ?”

ಸರಸ್ವತೀಬಾಯಿ ಬಾಯಿ ತೆರೆದರು. ಆಮೇಲೆ ಮೊಮ್ಮಗನ ಹಾಗೆ ಸೊಸೆಯತ್ತ ಬೆರಳು ತೋರಿಸಿದರು, ಅಷ್ಟೆ.