ಸತ್ತ ಮೇಲೆ ದೇವತೆಯಾದ ತಂಗಿ

ಕಾಪುವಿನ ಲೋಲಾಕ್ಷಿ ಹನ್ನೊಂದು ವರ್ಷದಿಂದ ಕೊಲ್ಲಿ ದೇಶದ ಹಮ್ರಿಯಾ ಪೇಟೆಯಲ್ಲಿ, ಹಳೆ ನಾಣ್ಯಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ನಾಣ್ಯಗಳ ಫೋಟೋ ತೆಗೆದು, ವಿವರ ಬರೆದು, ಗಿರಾಕಿಗಳಿಗೆ ಕಳಿಸುವುದು ಅವಳ ಕೆಲಸ. ರೋಮಿನ ರಾಣಿ ಫೌಸ್ಟಿನಾಳ ಬೆಳ್ಳಿ ನಾಣ್ಯಗಳು ಅಲ್ಲಿಗೆ ಆಗಾಗ ಬರುತ್ತಿದ್ದವು. ಆಕೆ ಸತ್ತ ಮೇಲೆ ಗಂಡನಾದ ಚಕ್ರವರ್ತಿ ಅವಳನ್ನು ದೇವತೆ ಮಾಡಿ, ಗುಡಿ ಕಟ್ಟಿಸಿ, ಅವಳ ಮುಖವನ್ನು ವರ್ಷಗಟ್ಟಲೆ ನಾಣ್ಯಕ್ಕೆ ಹಾಕಿಸಿದ್ದ.

ಕಳೆದ ವರ್ಷ ಲೋಲಾಕ್ಷಿಯ ತಂಗಿ ಭವ್ಯಶ್ರೀ ಅದೇ ದೇಶದ ಸೀಬ್‌ನಲ್ಲಿದ್ದ ತನ್ನ ಫ್ಲ್ಯಾಟಿನಲ್ಲಿ ಕುಸಿದುಬಿದ್ದು ತೀರಿಕೊಂಡಳು. ಎದೆನೋವೆಂದು ಹದಿನೈದು ದಿನ ಹೇಳುತ್ತಿದ್ದಳು. ಗಂಡ ಲತೇಶ್ "ಗ್ಯಾಸ್ ಇರ್ಬೇಕು" ಎಂದು ಆಫೀಸಿಗೆ ಹೋಗುತ್ತಿದ್ದ. ಅವಳು ಅಕ್ಕನಿಗೆ ಫೋನ್ ಮಾಡಿದ್ದಳು.

"ಅಕ್ಕ, ನೀನಾದ್ರೂ ನನ್ನನ್ನು ಡಾಕ್ಟರ್ ಹತ್ರ ಕರ್ಕೊಂಡು ಹೋಗು."

"ರಜೆ ಸಿಕ್ಕಿದ ಕೂಡ್ಲೆ ಬರ್ತೇನೆ. ಅಷ್ಟರವರೆಗೆ ಅವನ ಹತ್ರ ಜಗಳ ಬೇಡ."

ಎರಡೇ ದಿನಕ್ಕೆ ಸುದ್ದಿ ಬಂತು.

ವರ್ಷಾಂತಿಕ ಹತ್ತಿರವಾದಾಗ ಲತೇಶ್ ಫೋಟೋ ಹಿಡಿದು ಅಂಗಡಿಗೆ ಬಂದ. "ಅಕ್ಕ, ಬಂದವರಿಗೆ ಕೊಡ್ಲಿಕ್ಕೆ ಬೆಳ್ಳಿ ನಾಣ್ಯ ಮಾಡಿಸ್ಬೇಕು. ಭವ್ಯನ ಮುಖ, ಸುತ್ತ 'ದೇವತೆ ಭವ್ಯಶ್ರೀ' ಅಂತ. ನಿಮ್ಮಲ್ಲಿ ಉಂಟಲ್ಲ, ರೋಮಿನದ್ದು, ಹಾಗೇ."

ಲೋಲಾಕ್ಷಿ ಫೋಟೋವನ್ನು ಅವನ ಕಡೆಗೆ ಸರಿಸಿದಳು. "ಅವಳು ದೇವತೆಯಲ್ಲ ಲತೇಶ್. ಅವಳಿಗೆ ನೋವಿತ್ತು. ನಾನು ಮಾಡಿಸುವುದಿಲ್ಲ."

ಅವನು ಬೇರೆ ಕಡೆ ಮಾಡಿಸಿದ. ವರ್ಷಾಂತಿಕದ ದಿನ ಊಟ ಮುಗಿಸಿದವರಿಗೆಲ್ಲ ಪೊಟ್ಟಣದಲ್ಲಿಟ್ಟು ಹಂಚಿದ. ಭವ್ಯಶ್ರೀಯ ಹದಿನಾಲ್ಕು ವರ್ಷದ ಮಗಳು ಖುಷಿ ನಾಣ್ಯವನ್ನು ಅಂಗೈಯಲ್ಲಿ ಹೊರಳಿಸುತ್ತ ಲೋಲಾಕ್ಷಿಯ ಪಕ್ಕ ಕೂತಳು.

"ದೊಡ್ಡಮ್ಮ, ಮಮ್ಮಿ ಇಷ್ಟು ನಗ್ತಾ ಇರ್ಲಿಲ್ಲ. ಆ ವಾರ ಮಮ್ಮಿ ನಿಮಗೆ ಕಾಲ್ ಮಾಡಿದ್ರಾ?"

ಇಲ್ಲವೆನ್ನಬಹುದಿತ್ತು. ಲತೇಶ್ ನೋಡುತ್ತಿದ್ದ.

"ಮಾಡಿದ್ಳು. ಡಾಕ್ಟರ್ ಹತ್ರ ಕರ್ಕೊಂಡು ಹೋಗು ಅಂದ್ಳು. ನಾನು ಬರ್ಲಿಲ್ಲ."

"ಅಕ್ಕ, ಖಲಾಸ್, ಸಾಕು! ಮಗುವಿನ ಎದುರು ಎಂತ ಇದು?" ಲತೇಶ್ ಎದ್ದು ನಿಂತ.

"ನಿನ್ನ ಅಪ್ಪನೂ ಕರ್ಕೊಂಡು ಹೋಗ್ಲಿಲ್ಲ, ಖುಷಿ. ನಾವಿಬ್ಬರೂ ಹೋಗ್ಲಿಲ್ಲ."

ಖುಷಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡು ಹೊರಟರು. ಇನ್ನು ಈ ಮನೆಗೆ ಬರಬೇಡಿ ಎಂದ ಲತೇಶ್. ಲೋಲಾಕ್ಷಿ ಟ್ಯಾಕ್ಸಿ ಹತ್ತಿದಳು. ತಪ್ಪು ಮಾಡಿದೆನೋ, ಹುಡುಗಿಯ ಮನೆಯನ್ನೂ ಕೆಡಿಸಿದೆನೋ ಎಂದು ಮುಂದೆ ಎಷ್ಟೋ ದಿನ ಅನ್ನ ಸೇರಲಿಲ್ಲ. ಖುಷಿಗೆ ಕಳಿಸಿದ ಮೆಸೇಜುಗಳಿಗೆ ಉತ್ತರ ಬರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹುಡುಗಿಯೇ ಫೋನ್ ಮಾಡಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ದನಿಯಲ್ಲೇ ತಿಳಿಯುತ್ತಿತ್ತು.

"ಮಮ್ಮಿ ಸಣ್ಣದಿರುವಾಗ ಹೇಗಿದ್ರು? ನಿಜ ಹೇಳಿ."

ಲೋಲಾಕ್ಷಿ ಕೈಕೆಲಸ ಬಿಟ್ಟು ಕೂತಳು.

"ಭಾರೀ ಹಠ ಅವಳಿಗೆ. ಒಮ್ಮೆ ನನ್ನ ಕೈ ಕಚ್ಚಿದ್ಳು, ಗೊತ್ತುಂಟಾ?"