ಕುಬಸ ಅಂದರೆ ಜಂಪರು

ನಮ್ಮ ಓಣಿಯಲ್ಲಿ ಮದುವೆಯಾದ ಹುಡುಗಿಯನ್ನು ಯಾರೂ ಊಟ ಆಯಿತೇ ಎಂದು ಕೇಳುವುದಿಲ್ಲ. 'ಏನರ ವಿಶೇಷ?' ಎಂದು ಕೇಳುತ್ತಾರೆ. ಕೇಳಿದವರು ಮುಖ ನೋಡುವುದಿಲ್ಲ, ಹೊಟ್ಟೆ ನೋಡುತ್ತಾರೆ. ನನ್ನ ನೆಗೆಣ್ಣಿ ನಿರ್ಮಲಾಳ ಹೊಟ್ಟೆಯನ್ನು ಮೂರು ವರ್ಷ ಹೀಗೆ ನೋಡಿದರು. ಸುಡುಗಾಡು ಮಂದಿ! ತಮ್ಮ ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಇವರಿಗೆ ಗೊತ್ತಾಗುವುದಿಲ್ಲ, ಇವಳ ಹೊಟ್ಟೆಯ ಸುದ್ದಿ ಮಾತ್ರ ಗೊತ್ತಾಗಲೇಬೇಕು.

ನಿರ್ಮಲಾ ನನ್ನ ಮೈದುನ ಸಿದ್ದಲಿಂಗೇಶನ ಹೆಂಡತಿ. ರಾಣೆಬೆನ್ನೂರಿನಲ್ಲಿ ಅತ್ತೆಯ ಜೊತೆ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಮೈದುನ ಕುಮಾರಪಟ್ಟಣದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಾನೆ. ಇವಳು ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಒಂದೆರಡು ಗುಂಡುಪಿನ್ನು ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ ಎಂದು ಅತ್ತೆ ತಿಳಿದಿದ್ದರು. ಅದಲ್ಲ ಕಾರಣ.

ಅವಳ ತವರು ಬ್ಯಾಡಗಿ. ತಾಯಿ ಫಕ್ಕೀರವ್ವ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುತ್ತಾರೆ ತಿನ್ನುವವರು. ದಿನವೆಲ್ಲ ತೊಟ್ಟು ಬಿಡಿಸಿದವರನ್ನು ಕೇಳಬೇಕು. ಎಷ್ಟು ತೊಳೆದರೂ ಆ ಕೈಯ ಉರಿ ಹೋಗುವುದಿಲ್ಲ. ಫಕ್ಕೀರವ್ವ ಸಂಜೆ ಬಂದು ಕೂಸನ್ನು ಮುಟ್ಟಿದರೆ ಕೂಸು ಕಿಟಾರನೆ ಕಿರುಚುತ್ತಿತ್ತು. ಹೀಗಾಗಿ ಎತ್ತುವುದು, ಎರೆಯುವುದು, ಉಣಿಸುವುದು, ಮಲಗಿಸುವುದು ಎಲ್ಲ ಹತ್ತು ವರ್ಷದ ನಿರ್ಮಲಾಳ ಪಾಲಿಗೆ ಬಂತು. ಮೊದಲು ತಮ್ಮ, ಅವನ ಬೆನ್ನಿಗೇ ತಂಗಿ. ಕೂಸನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಗೆ ಹೋದಳು. ಮಾಸ್ತರು ವಾಪಸು ಕಳಿಸಿದರು. ಮತ್ತೆ ಹೋಗಲಿಲ್ಲ.

ಮದುವೆಯಾದ ಹೊಸದರಲ್ಲೇ ಗಂಡನಿಗೆ ಹೇಳಿದ್ದಳಂತೆ, "ನನಗ ಇನ್ನಾ ಮನಸಾಗಿಲ್ಲರಿ. ಆದಾಗ ನಾನ ಹೇಳ್ತೇನಿ." ಅವನು "ಆತು" ಎಂದನಂತೆ. ಈ 'ಆತು' ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯ ಗಂಡಸರು ಮಾತು ಕಿವಿಗೆ ಹಾಕಿಕೊಳ್ಳದಿದ್ದಾಗ ಅದನ್ನೇ ಅನ್ನುತ್ತಾರೆ.

ಮಕ್ಕಳೆಂದರೆ ಆಗದವಳೇನಲ್ಲ. ನನ್ನ ಚಿಕ್ಕ ಮಗಳ ಲಂಗಕ್ಕೆ ಕೇಳದೆಯೇ ಜರಿ ಹಚ್ಚಿ ಕೊಡುತ್ತಾಳೆ. ಹಾಗೆ ಹಚ್ಚುತ್ತಾ ಒಂದು ದಿನ ನನ್ನನ್ನು ಕೇಳಿದಳು, "ಅಕ್ಕಾ, ನಾ ಒಮ್ಮೆ ಕೂಸು ಸಾಕಿ ಸಾಕಾಗೇನೋ ಏನೋ. ಮತ್ತ ಹಡದ ಮ್ಯಾಲ ಬ್ಯಾಸರಾದ್ರ ಅದನ್ನ ಎಲ್ಲಿ ಇಡ್ಲಿ?" ಮೂರು ಹಡೆದವಳು ನಾನು, ಇಂಥ ಪ್ರಶ್ನೆ ಇದೆ ಎನ್ನುವುದೇ ಗೊತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ನಾನು ಕಾಗಿನೆಲೆಗೆ, ನನ್ನ ತವರಿಗೆ ಹೋಗಿದ್ದೆ. ಅದೇ ಹೊತ್ತಿಗೆ ಈ ಅನಾಹುತ ನಡೆಯಿತು. ನಿರ್ಮಲಾ ತಾಯಿಗೆ ಫೋನ್ ಮಾಡಿದ್ದಳು. ಗಿರಾಕಿಗಳ ಮುಂದೆ ಅವಳು ಬ್ಲೌಸ್ ಅನ್ನುತ್ತಾಳೆ. ಫಕ್ಕೀರವ್ವನಿಗೆ ಬ್ಲೌಸೂ ತಿಳಿಯದು ಗೀಸೂ ತಿಳಿಯದು. ಹಾಗಾಗಿ, "ಅವ್ವಾ, ಈ ತಿಂಗಳ ಬರಾಕ ಆಗಂಗಿಲ್ಲ. ಕುಬಸ ಐತಿ. ಹಸರ ಬಣ್ಣದ್ದು" ಎಂದಳು. ಎದುರು ಮನೆಯ ರಂಜನಾಳ ಜಂಪರಿನ ಮಾತದು. ಒಳಗೆ ಕಾಳು ಆರಿಸುತ್ತಿದ್ದ ಅತ್ತೆಯ ಕಿವಿಗೆ ಬಿದ್ದದ್ದು ಬೇರೆಯೇ ಕುಬಸ, ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಮಾಡುವ ಕುಬಸ.

ಕೇಳಬಹುದಿತ್ತಲ್ಲ? ಮೂರು ಮಾರು ಆಚೆ ಸೊಸೆ ಕೂತಿದ್ದಾಳೆ, 'ಏನವಾ, ಹೌದೇನು?' ಎನ್ನಲು ಏನು ದಾಡಿ? ಹುಡುಗಿ ನಾಚಿ ಮುಚ್ಚಿಟ್ಟಿದ್ದಾಳೆ ಎಂದು ತಾವೇ ತೀರ್ಮಾನಿಸಿ, ಬ್ಯಾಡಗಿಗೆ ಫೋನ್ ಮಾಡಿ, "ನಿಮ್ಮ ಮಗಳು ಹೊಟ್ಟಿಲೆ ಅದಾಳ್ರಿ ಬೀಗತಿ, ನಾಳೆ ಬಳಿ ಇಡಸ್ತೇವಿ, ಬರ್ರಿ" ಎಂದರು. ಕುಮಾರಪಟ್ಟಣಕ್ಕೂ ಫೋನ್ ಹೋಯಿತು. ಆ ಶ್ಯಾಣ್ಯಾನಾದರೂ ಹೆಂಡತಿಯನ್ನು ಕೇಳಿದನೇ? ಪೇಢೆ ಅಂಗಡಿಗೆ ಹೋದ.

ಮರುದಿನ ನಾನು ಬಸ್ಸಿಳಿದು ಬಂದಾಗ ಪಡಸಾಲೆಯ ತುಂಬ ಹೆಂಗಸರು. ಮಷೀನನ್ನು ಮೂಲೆಗೆ ತಳ್ಳಿ ಮಣೆ ಹಾಕಿದ್ದರು. ನನ್ನ ಹಿಂದೆಯೇ ನಿರ್ಮಲಾ ಬಂದಳು. ಕೈಯಲ್ಲಿ ಪೇಟೆಯಿಂದ ತಂದ ಲೈನಿಂಗ್ ಬಟ್ಟೆ, ಹುಕ್ಕಿನ ಪೊಟ್ಟಣ. ಇಬ್ಬರು ಅವಳ ರಟ್ಟೆ ಹಿಡಿದು ಮಣೆಯ ಮೇಲೆ ಕೂಡಿಸಿಯೇಬಿಟ್ಟರು. ಒಬ್ಬಳು ಹಾಡು ಎತ್ತಿಕೊಂಡಳು. ಬಾಗಿಲಲ್ಲಿ ಸಿದ್ದಲಿಂಗೇಶ ಪೇಢೆ ಡಬ್ಬಿ ಹಿಡಿದು ಹಲ್ಲು ಕಿರಿಯುತ್ತಾ ನಿಂತಿದ್ದ.

"ಏನ್ರಿ ಇದು ಅತ್ತಿ?" ಎಂದಳು ನಿರ್ಮಲಾ.

"ಮುಚ್ಚಿಡಬ್ಯಾಡ ಬಿಡವಾ. ಕುಬಸ ಐತಿ ಅಂದಿದ್ದು ನನ್ನ ಕಿವಿಲೆ ಕೇಳೇನಿ."

ನಿರ್ಮಲಾಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಮುಖ ಕೆಂಪಾಯಿತು. "ಅದು ರಂಜನಾನ ಕುಬಸರಿ. ಕುಬಸ ಅಂದ್ರ ಜಂಪರ್!"

ಹಾಡು ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಅತ್ತೆಗೆ ಮಂದಿಯ ಮುಂದೆ ಮಾನ ಹೋದಂತಾಯಿತು. ತಪ್ಪಾಯಿತು ಎನ್ನುವ ಪೈಕಿಯೇ ಅವರು? "ಮೂರು ವರ್ಷ ಆತು, ಖರೇ ಆಗಬೇಕಿತ್ತಿಲ್ಲ ಇಷ್ಟೊತ್ತಿಗೆ? ಅಂಥಾದ್ದೇನು ನಿನಗ? ನಾಳೆನ ದವಾಖಾನಿಗೆ ನಡೀರಿ ಇಬ್ಬರೂ!" ಎಂದು ಅವಳ ಮೇಲೆಯೇ ಎಗರಿದರು. ಸಿದ್ದಲಿಂಗೇಶ ಪೇಢೆ ಡಬ್ಬಿಯ ದಾರ ನೋಡುತ್ತಾ ನಿಂತ. ಅವಳಿಗೆ ಮನಸ್ಸಾಗಿಲ್ಲ, ನನಗೆ ಹೇಳಿದ್ದಾಳೆ ಎನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ನನ್ನ ಕೈಯಲ್ಲಿ ಚೀಲ ಇರದಿದ್ದರೆ ಆ ಡಬ್ಬಿಯನ್ನು ಅವನ ತಲೆಯ ಮೇಲೆ ಸುರಿಯುತ್ತಿದ್ದೆ.

ಅಷ್ಟರಲ್ಲಿ ಫಕ್ಕೀರವ್ವ ಬಂದಳು. ಬುತ್ತಿಯ ಗಂಟು, ಹಸಿರು ಬಳೆ ತಂದಿದ್ದಳು. ಯಾರನ್ನೂ ಮಾತಾಡಿಸದೆ ನೆಟ್ಟಗೆ ಬಚ್ಚಲಿಗೆ ಹೋಗಿ ಸಬಕಾರ ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದಳು. ಮಾರ್ಕೆಟ್ಟಿನ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದೆ. ಬಂದು ಮಗಳ ಕೆನ್ನೆ ಮುಟ್ಟಿ ಕೇಳಿದಳು, "ಉರಿತೈತೇನವಾ?"

ಗುಂಡುಪಿನ್ನು ಕಚ್ಚಿಕೊಂಡೇ ಬಾಳಿದ ಆ ಹುಡುಗಿ ಆಗ ಅತ್ತಳು. ಅಳುತ್ತಲೇ ತಾಯಿಗೆ ನಡೆದದ್ದನ್ನು ಹೇಳಿದಳು. ಫಕ್ಕೀರವ್ವ ಕೇಳಿ, ಅತ್ತೆಯ ಕಡೆ ತಿರುಗಿದಳು.

"ಬೀಗತಿ, ಇಕಿ ತಮ್ಮ-ತಂಗಿ ನನ್ನ ಹೊಟ್ಟ್ಯಾಗ ಹುಟ್ಟ್ಯಾರ, ಇಕಿ ಕೈಯಾಗ ಬೆಳದಾರ. ನಾನ ಒಂದು ಕೂಸಿನ ಕೈಯಾಗ ಎರಡು ಕೂಸು ಕೊಟ್ಟೆ. ಕೇಳಿ ಕೊಟ್ಟೆನೇನು? ಈ ಸಲಾನರ ಯಾರರ ಆಕಿನ್ನ ಕೇಳ್ರಿ."

ಒಬ್ಬೊಬ್ಬರೇ ಎದ್ದು ಹೋದರು. ಫಕ್ಕೀರವ್ವ ಹಸಿರು ಬಳೆಗಳನ್ನು ಮಗಳ ಕೈಗೆ ತೊಡಿಸಿದಳು. "ಹೊಟ್ಟಿ ಸಲುವಾಗಿ ಅಲ್ಲ, ನಾ ತಂದೇನಿ ಅಂತ ಇಟ್ಕೋ" ಎಂದಳು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದರು.

ಸಂಜೆ ನಿರ್ಮಲಾ ಮಷೀನನ್ನು ಜಾಗಕ್ಕೆ ಎಳೆದು ರಂಜನಾಳ ಕುಬಸಕ್ಕೆ ಹುಕ್ಕು ಹಚ್ಚುತ್ತಾ ಕೂತಳು. ನಾನು ಅಲ್ಲೇ ಸೊಪ್ಪು ಸೋಸುತ್ತಿದ್ದೆ. ಸಿದ್ದಲಿಂಗೇಶ ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತ. ಕಣ್ಣು ನೆಲದ ಮೇಲಿತ್ತು.

"ನಿನಗ ಕೂಸು ಬೇಕೇನು?"

ನಿರ್ಮಲಾ ದಾರ ಕಡಿದಳು. "ಇನ್ನಾ ಗೊತ್ತಿಲ್ಲರಿ."

"ಆತು" ಎಂದ. ಆದರೆ ಎದ್ದು ಹೋಗಲಿಲ್ಲ. ಮುಂದಿನ ಮಾತಿಗೆ ಕಾಯುತ್ತಾ ಕೂತ.

ನನ್ನ ಕೈಯಲ್ಲಿ ಸೊಪ್ಪು ನಿಂತಿತು. ಇವರ ಮೇಲೆ ಅಲ್ಲ, ಯಾರ ಮೇಲೋ ತಿಳಿಯದ ಸಿಟ್ಟು ಬಂತು. ನನ್ನ ಮೂರೂ ಮಕ್ಕಳು ನನ್ನ ಜೀವ. ಹಡೆಯುವ ಮೊದಲು ನನ್ನನ್ನು ಕೇಳಿದ್ದರೆ ನಾನು ಬೇಕು ಎಂದೇ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ.